ಮೌಮೆರೆಯಿಂದ ವಕಟೋಬಿ, ಅಲ್ಲಿಂದ ಬಜಾವ್ ಜನರ ಸಂಪೇಲಾ: ಹಾಯಿದೋಣಿಯಲ್ಲಿ ಹೋಗುವವರಿಗೆ ಏನೇನು ಗೊತ್ತಿರಬೇಕು?

ಹೊಸಹಾಯಿ:
ಅಕ್ಟೋಬರ್ ಎರಡನೇ ವಾರ ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದ ಮೌಮೆರೆಯಿಂದ ಆಗ್ನೇಯ ಸುಲಾವೆಸಿಯ ವಕಟೋಬಿ ದ್ವೀಪಸಮೂಹಕ್ಕೆ ಹೊರಡುವ 38 ಅಡಿ ಹಾಯಿದೋಣಿಗೆ ಸಿಬ್ಬಂದಿಯಾಗಿ ಸೇರುವ ಯೋಜನೆಯಿದೆ. ದೋಣಿಯ ತಳ ನೀರಿನೊಳಗೆ 1.9 ಮೀಟರ್ ಇಳಿಯುತ್ತದೆ. ಲಂಗರಿನ ಸರಪಳಿ 80 ಮೀಟರ್, ಡೀಸೆಲ್ ಟ್ಯಾಂಕು 120 ಲೀಟರ್. ಕಲೆದುಪಾ ದ್ವೀಪದ ಪಕ್ಕ ನೀರಿನ ಮೇಲೇ ಊರು ಕಟ್ಟಿಕೊಂಡಿರುವ ಬಜಾವ್ ಜನರ ಸಂಪೇಲಾಕ್ಕೂ ಹೋಗಬೇಕೆಂದಿದೆ. ದಾರಿ, ಲಂಗರು, ಕಾಗದಪತ್ರ, ಊರೊಳಗೆ ನಡೆದುಕೊಳ್ಳುವ ರೀತಿ, ಇವನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಚುಕ್ಕಾಣಿ:
ಮೊದಲು ದಾರಿಯ ಲೆಕ್ಕ. ಕಲೆದುಪಾ ಪಕ್ಕದ ಹೋಗಾ ಎಂಬ ದ್ವೀಪಕ್ಕೆ ನೇರ ಗುರಿ ಇಡಬೇಡಿ. ಕಲೆದುಪಾದ ನೈಋತ್ಯಕ್ಕೆ ಕಾರಂಗ್ ಕಲೆದುಪಾ ಎಂಬ ಹವಳದ ದಿಬ್ಬ ಸುಮಾರು 48 ಕಿಲೋಮೀಟರು ಉದ್ದಕ್ಕೆ ಮಲಗಿದೆ. ಮೌಮೆರೆಯಿಂದ ಹೋಗಾಕ್ಕೆ ಎಳೆದ ಗೆರೆ ಅದರ ಪಡುವಣ ಅಂಚಿಗೇ ತಾಗುತ್ತದೆ. ದಿಬ್ಬವನ್ನು ಬಲಕ್ಕೆ ದೂರ ಬಿಟ್ಟು ವಾಂಗಿ-ವಾಂಗಿ ದ್ವೀಪದ ವಾಂಚಿ ಬಂದರಿಗೆ ಹೋಗಿ. ಹೇಗೂ ಬಂದರು ಅಧಿಕಾರಿಗೆ ವರದಿ ಮಾಡುವುದು ಅಲ್ಲೇ.

ವಾಂಚಿಗೆ ಸುಮಾರು 210 ನಾಟಿಕಲ್ ಮೈಲಿ (ಒಂದಕ್ಕೆ 1.85 ಕಿಲೋಮೀಟರು, ಮುಂದೆ ಬರೀ ಮೈಲಿ ಎಂದರೂ ಇದೇ). 5 ನಾಟ್, ಅಂದರೆ ಗಂಟೆಗೆ 5 ನಾಟಿಕಲ್ ಮೈಲಿ ವೇಗಕ್ಕೆ 42 ಗಂಟೆ. ಬೆಳಗ್ಗೆ 10ಕ್ಕೆ ತಲುಪಬೇಕಾದರೆ ಎರಡು ದಿನ ಮೊದಲು ಸಂಜೆ 4ಕ್ಕೆ ಲಂಗರು ಎತ್ತಿ. ಹಾಗೆ ಹೊರಟರೆ ಮೌಮೆರೆ ಕೊಲ್ಲಿಯನ್ನು ಬೆಳಕಿದ್ದಾಗಲೇ ದಾಟಿಬಿಡಬಹುದು. ಗಾಳಿ ಚೆನ್ನಾಗಿ ಸಿಕ್ಕಿ 6.5 ನಾಟ್ ಓಡಿದರೆ ನಡುರಾತ್ರಿಗೇ ತಲುಪಿಬಿಡುತ್ತೀರಿ. ಹಾಗಾಗುವಂತೆ ಕಂಡರೆ ಹಾಯಿ ಕುಗ್ಗಿಸಿ ವೇಗ ಇಳಿಸಿ, ದಡಕ್ಕೆ 15 ಮೈಲಿ ಮೊದಲೇ ನಿಂತು ಬೆಳಕಿಗೆ ಕಾಯಿರಿ. ರಾತ್ರಿ ಹವಳದ ಹತ್ತಿರ ಹೋಗುವುದಕ್ಕೆ ಯಾವ ಕಾರಣವೂ ಸಾಲದು.

ಜುಲೈ, ಆಗಸ್ಟಿನಲ್ಲಿ ಆಗ್ನೇಯದ ಗಾಳಿ ಬಾಂಡಾ ಸಮುದ್ರದಲ್ಲಿ 20ರಿಂದ 25 ನಾಟ್ ಬೀಸಿ 2-3 ಮೀಟರ್ ತೆರೆ ಎಬ್ಬಿಸುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಡುವಣ ಗಾಳಿ, ಮಳೆ, ಬಿರುಗಾಳಿಯ ಹೊಡೆತ. ಅಕ್ಟೋಬರ್ ಇವೆರಡರ ನಡುವಿನ ಕಾಲವಾದ್ದರಿಂದ ಕಡಲು ಸಪಾಟಾಗಿರುತ್ತದೆ, ಆದರೆ ಗಾಳಿಯೂ ಇರುವುದಿಲ್ಲ. ಪೂರ್ತಿ ದಾರಿ ಇಂಜಿನ್ನಿನಲ್ಲೇ ಹೋಗಬೇಕಾಯಿತು ಎಂದುಕೊಳ್ಳಿ: ಗಂಟೆಗೆ 2.5 ಲೀಟರಿನಂತೆ 42 ಗಂಟೆಗೆ 105 ಲೀಟರ್, ಮೂರನೇ ಒಂದರಷ್ಟು ಮೀಸಲು ಸೇರಿಸಿದರೆ 140. ನಿಮ್ಮ ಟ್ಯಾಂಕು ಸಾಲದು. 20 ಲೀಟರಿನ ಎರಡು ಕ್ಯಾನು ಕಟ್ಟಿಕೊಳ್ಳಿ. ಕ್ಯಾನಿನ ಡೀಸೆಲನ್ನು ನೀರು ತಡೆಯುವ ಜರಡಿಯ ಮೂಲಕವೇ ಸುರಿಯಿರಿ. ಸಣ್ಣ ದ್ವೀಪಗಳಲ್ಲಿ ಡ್ರಮ್ಮಿನಿಂದ ಡ್ರಮ್ಮಿಗೆ ಸುರಿದು ಬಂದ ಡೀಸೆಲಿನಲ್ಲಿ ನೀರು, ಕಸ ಎರಡೂ ಇರುತ್ತವೆ, ಮತ್ತು ಇಂಜಿನ್ ಕೈಕೊಡುವುದು ತೆರೆಗೆ ಟ್ಯಾಂಕು ಕಲಕಿದಾಗ.

ತೆರೆಯಾಚೆ:
ಚುಕ್ಕಾಣಿಯವರ ಮಾತಿಗೆ ಒಂದು ಸೇರಿಕೆ: ರುಂಪೋನ್. ಮೀನು ಸೇರಿಸಲು ಮೀನುಗಾರರು ನಡುಗಡಲಿನಲ್ಲಿ ಕಟ್ಟಿ ನಿಲ್ಲಿಸುವ ತೇಲು. ಬಿದಿರಿನ ತೆಪ್ಪ ಅಥವಾ ಕಬ್ಬಿಣದ ಪೀಪಾಯಿ, ಅದರ ಕೆಳಗೆ ತಾಳೆ, ತೆಂಗಿನ ಗರಿಗಳ ಗೊಂಚಲು, ಆಮೇಲೆ ಸಾವಿರಾರು ಮೀಟರ್ ಹಗ್ಗ, ತಳದಲ್ಲಿ ಕಲ್ಲು ಅಥವಾ ಕಾಂಕ್ರೀಟಿನ ಭಾರ. ಹೆಚ್ಚಿನವಕ್ಕೆ ದೀಪವಿಲ್ಲ. ಬಿದಿರು ರೇಡಾರಿನಲ್ಲಿ ಕಾಣುವುದಿಲ್ಲ. ದಡದಿಂದ 60 ಮೈಲಿ ದೂರ ಇದ್ದೇವೆ, ಇಲ್ಲೇನಿರುತ್ತದೆ ಎಂಬ ಧೈರ್ಯ ಬೇಡ.

ಹಗಲಿನಲ್ಲಿ ಕಂಡರೆ ಸೆಳೆತ ಯಾವ ಕಡೆಗೆ ಹರಿಯುತ್ತಿದೆ ನೋಡಿ. ಭಾರ ಇರುವುದು ಸೆಳೆತದ ಮೇಲ್ಬದಿಗೆ, ಹಗ್ಗ ಆ ಕಡೆ ಓರೆಯಾಗಿ ಇಳಿದಿರುತ್ತದೆ. ನೀವು ಕೆಳಬದಿಯಿಂದ, ನೂರಾರು ಮೀಟರ್ ಬಿಟ್ಟು ಹಾದುಹೋಗಿ. ರಾತ್ರಿ ಪ್ರೊಪೆಲ್ಲರಿಗೆ ಹಗ್ಗ ಸುತ್ತಿದರೆ ಕೂಡಲೇ ಗೇರು ನ್ಯೂಟ್ರಲ್ಲಿಗೆ ತನ್ನಿ, ಇಂಜಿನ್ ನಿಲ್ಲಿಸಿ. ಹಿಂದಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ ಎನ್ನುವವರಿದ್ದಾರೆ. ಇನ್ನೂ ಬಿಗಿಯಾಗುತ್ತದೆ, ಗೇರುಪೆಟ್ಟಿಗೆಯ ಸೀಲೂ ಹೋಗುತ್ತದೆ. ಹಾಯಿ ಇಳಿಸಿ. ಬೆಳಗಾಗುವವರೆಗೆ ಕಾಯುವುದು ಸಾಧ್ಯವಾದರೆ ಕಾಯಿರಿ. ನೀರಿಗೆ ಇಳಿಯುವವರಿಗೆ ಹೆಲ್ಮೆಟ್ಟು, ಸೊಂಟಕ್ಕೆ ಹಗ್ಗ, ಕೈಗೆ ಹಲ್ಲಿನ ಅಲಗಿನ ಚಾಕು. ತೆರೆಗೆ ಎದ್ದು ಬೀಳುವ ದೋಣಿಯ ಹಿಂಭಾಗ ತಲೆಗೆ ಬಡಿಯುವುದೇ ಅಲ್ಲಿನ ದೊಡ್ಡ ಅಪಾಯ.

ನಕ್ಷೆಗಾರ:
ದೋಣಿಗಳು ಮುರಿಯುವುದು ಕೊನೆಯ ಎರಡು ಮೈಲಿಯಲ್ಲಿ. ಅಲ್ಲಿನ ಸಣ್ಣ ಕಾಲುವೆಗಳ ವಿದ್ಯುನ್ಮಾನ ನಕ್ಷೆಗಳು ಹಳೆಯ ಅಳತೆಯವು. ಜಿಪಿಎಸ್ ಸರಿಯಾಗಿಯೇ ಇರುತ್ತದೆ, ನಕ್ಷೆಯಲ್ಲಿನ ದಿಬ್ಬ ನೂರಿನ್ನೂರು ಮೀಟರ್ ಪಕ್ಕಕ್ಕೆ ಸರಿದಿರಬಹುದು. ಆದ್ದರಿಂದ ಉಪಗ್ರಹ ಚಿತ್ರ ಅತ್ಯಗತ್ಯ. ಒಳ್ಳೆಯ ಇಂಟರ್ನೆಟ್ ಇರುವಾಗಲೇ ವಾಂಚಿ, ಹೋಗಾ, ಕಲೆದುಪಾದ ಉತ್ತರ ತೀರ ಇವುಗಳ ಚಿತ್ರವನ್ನು 16ರಿಂದ 18ನೇ ಜೂಮ್ ಮಟ್ಟದಲ್ಲಿ ಇಳಿಸಿ, ಎಂಬಿಟೈಲ್ಸ್ (ನಕ್ಷೆಚಿತ್ರಗಳನ್ನು ಒಟ್ಟಿಗಿಡುವ ಬಗೆ) ಕಡತವಾಗಿಸಿ ಓಪನ್‌ಸಿಪಿಎನ್ ಎಂಬ ಕಡಲನಕ್ಷೆಯ ತಂತ್ರಾಂಶದಲ್ಲಿ ಹಾಕಿಕೊಳ್ಳಿ. ಬೇರೆ ಬೇರೆ ಕಡೆಯಿಂದ ಎರಡು ಚಿತ್ರ ಇರಲಿ. ಒಂದರಲ್ಲಿ ಮೋಡದ ನೆರಳು ದಿಬ್ಬದಂತೆ ಕಂಡರೆ ಇನ್ನೊಂದು ಸತ್ಯ ಹೇಳುತ್ತದೆ. ಒಳಗೆ ಹೋದ ದಾರಿಯ ಗೆರೆಯನ್ನು ದಾಖಲಿಸಿ, ಬರುವಾಗ ಅದರ ಮೇಲೆಯೇ ಬನ್ನಿ.

ಆದರೂ ಕೊನೆಯ ಮಾತು ಕಣ್ಣಿನದು. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಮುಂಭಾಗದಲ್ಲಿ ಎತ್ತರಕ್ಕೆ ನಿಲ್ಲಬೇಕು. ಕಂದು ಅಥವಾ ಹಳದಿ ಕಂಡರೆ ಒಂದೆರಡು ಮೀಟರಿನೊಳಗೆ ಹವಳವಿದೆ. ತಿಳಿಹಸಿರು ಎಂದರೆ ಮರಳಿನ ಮೇಲೆ ಎರಡು ಮೂರು ಮೀಟರ್, ನಿಮ್ಮ ದೋಣಿಗೆ ಅದೂ ಬೇಡ. ಕಡುನೀಲಿ ಇದ್ದಲ್ಲಿ ಆಳ.

ಅಲ್ಲಿ ಅಕ್ಟೋಬರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ 12ಕ್ಕಲ್ಲ, 11.30ರ ಹೊತ್ತಿಗೆ. ವಾಂಚಿಯಿಂದ ಹೋಗಾ ಆಗ್ನೇಯಕ್ಕೆ ಸುಮಾರು 17 ಮೈಲಿ. 7ಕ್ಕೆ ಹೊರಟರೆ 10.30ಕ್ಕೆ ತಲುಪಿ ಬಿಸಿಲಿಗೆ ಮುಖಮಾಡಿಯೇ ದಿಬ್ಬದೊಳಗೆ ನುಗ್ಗಬೇಕಾಗುತ್ತದೆ, ಮುಂದಿನ ನೀರು ಬರೀ ಬೆಳ್ಳಿಯಂತೆ ಹೊಳೆಯುತ್ತದೆ. 8.30ಕ್ಕೆ ಹೊರಟರೆ ನಡುಹಗಲಿಗೆ ತಲುಪುತ್ತೀರಿ, ಬಿಸಿಲು ಬೆನ್ನಿಗೆ ತಿರುಗಿರುತ್ತದೆ. ಆದರೆ ಮಧ್ಯಾಹ್ನ 2 ದಾಟಿಸಬೇಡಿ. ಆ ತಿಂಗಳಲ್ಲಿ ಮೋಡ ಕಟ್ಟುವುದು ಮಧ್ಯಾಹ್ನದ ಮೇಲೆಯೇ.

ಹೊಸಹಾಯಿ:
ಬಹಳ ಉಪಯೋಗವಾಯಿತು. 80 ಮೀಟರ್ ಸರಪಳಿ ಅಲ್ಲಿಗೆ ಸಾಕೆ?

ಲಂಗರುಕಟ್ಟೆ:
ಸಾಕು, ಆದರೆ ಎಷ್ಟು ಆಳಕ್ಕೆ ಸಾಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪೂರ್ತಿ ಸರಪಳಿಯಾದರೆ ಆಳದ ಕನಿಷ್ಠ ನಾಲ್ಕು ಪಟ್ಟು ಬಿಡಬೇಕು. 80ರ ನಾಲ್ಕನೇ ಒಂದು ಭಾಗ 20. ಅದರಲ್ಲಿ ದೋಣಿಯ ಮೂತಿಯ ಎತ್ತರ 1 ಮೀಟರ್, ಇಳಿತದಲ್ಲಿ ಲಂಗರು ಹಾಕಿದರೆ ಭರತಕ್ಕೆ ಏರುವ ಒಂದೂವರೆ ಎರಡು ಮೀಟರ್ ಕಳೆಯಿರಿ. ಉಳಿಯುವುದು 17 ಮೀಟರ್. ಅದಕ್ಕಿಂತ ಆಳದಲ್ಲಿ ಹಾಕಿದರೆ ನಿದ್ದೆ ಬರುವುದಿಲ್ಲ. ತುದಿಗೆ 30 ಮೀಟರ್ ನೈಲಾನ್ ಹಗ್ಗ ಜೋಡಿಸಿಕೊಂಡರೆ ಸ್ವಲ್ಪ ಬಿಡುಬೀಸಾಗುತ್ತದೆ, ಹಗ್ಗ ಮಾತ್ರ ಹವಳಕ್ಕೆ ತಾಗದಂತೆ ಮೇಲೇ ಇರಬೇಕು.

ಅಲ್ಲಿನ ತೊಂದರೆಯ ಮೂಲ ತಳದ ಆಕಾರ. 40 ಮೀಟರ್ ಆಳದಿಂದ ಗೋಡೆಯಂತೆ ಮೇಲೆದ್ದು ಒಂದು ಮೀಟರಿಗೆ ನಿಲ್ಲುತ್ತದೆ, ನಡುವೆ ಕಿರಿದಾದ ಮರಳಿನ ಮೆಟ್ಟಿಲು. ಗಾಳಿ ದಡದಿಂದ ಬೀಸಿದರೆ ಲಂಗರು ಇಳಿಜಾರಿನಲ್ಲಿ ಜಾರಿ ಗೋಡೆಯಿಂದ ಕೆಳಗೆ ನೇತಾಡುತ್ತದೆ, ದೋಣಿ ಸದ್ದಿಲ್ಲದೆ ಹೊರಟುಹೋಗುತ್ತದೆ. ಗಾಳಿ ತಿರುಗಿ ಕಡಲಿನಿಂದ ಬೀಸಿದರೆ ಅದೇ 80 ಮೀಟರ್ ಸರಪಳಿಯ ತುದಿಯಲ್ಲಿ ದೋಣಿ ಹವಳದ ಮೇಲೇ ಬಂದು ಕೂರುತ್ತದೆ. ಆದ್ದರಿಂದ ಮರಳಿನ ತೇಪೆ ಕಾಣದೆ ಲಂಗರು ಬಿಡಬೇಡಿ. ಬಿಟ್ಟ ಮೇಲೆ ಮುಖವಾಡ ಹಾಕಿ ಈಜಿಹೋಗಿ ಕಣ್ಣಾರೆ ನೋಡಿ. ಅಲ್ಲಿರುವ ಯಾವುದಾದರೂ ಕಟ್ಟುಬೋಯ (ದೋಣಿ ಕಟ್ಟಲು ತಳಕ್ಕೆ ಬಿಗಿದ ತೇಲು) ಬಳಸಲು ಅನುಮತಿ ಸಿಕ್ಕಿದರೆ ಅದೇ ಉತ್ತಮ, ಕಟ್ಟುವ ಮೊದಲು ಅದರ ಕೆಳಗಿನ ಹಗ್ಗವನ್ನೂ ಮುಳುಗಿ ನೋಡಿ.

ವಕಟೋಬಿ 1996ರಿಂದ ರಾಷ್ಟ್ರೀಯ ಉದ್ಯಾನ, ಸುಮಾರು 13.9 ಲಕ್ಷ ಹೆಕ್ಟೇರು. ಅದರೊಳಗೆ ವಲಯಗಳಿವೆ, ನಡುವಲಯಕ್ಕೆ ಹೋಗುವಂತೆಯೇ ಇಲ್ಲ. ವಾಂಚಿಯಲ್ಲಿ ಪ್ರವೇಶಪತ್ರ ಮಾಡಿಸುವಾಗ ವಲಯದ ನಕ್ಷೆ ಕೇಳಿ ಪಡೆಯಿರಿ.

ನಕ್ಷೆಗಾರ:
ಸರಪಳಿಗೆ ತೇಲುಗುಂಡು ಕಟ್ಟುವುದನ್ನೂ ಹೇಳಿ. ಮರಳಿನ ತೇಪೆಯ ಸುತ್ತ ಹವಳದ ಗುಂಡುಗಳಿದ್ದರೆ ಅದು ಬೇಕೇ ಬೇಕು.

ಲಂಗರುಕಟ್ಟೆ:
ಹೌದು. ನೀರಿನ ಆಳಕ್ಕಿಂತ ತುಸು ಹೆಚ್ಚು ಸರಪಳಿ ಬಿಟ್ಟಮೇಲೆ ಮೊದಲ ತೇಲು, ಆಮೇಲೆ ಆರೇಳು ಮೀಟರಿಗೊಂದು, ಒಟ್ಟು ಮೂರು ನಾಲ್ಕು. ಗಾಳಿಯಿಲ್ಲದಾಗ ಸರಪಳಿ ಹವಳಕ್ಕೆ ಸುತ್ತಿಕೊಳ್ಳದೆ ಮೇಲೆ ತೂಗುತ್ತದೆ. ಆದರೆ ತೇಲು ಹೆಚ್ಚಾದರೆ ಸರಪಳಿಯ ತೂಕದ ಪ್ರಯೋಜನ ಹೋಗಿ ಲಂಗರಿಗೆ ಮೇಲ್ಮುಖ ಎಳೆತ ಬೀಳುತ್ತದೆ. 20 ನಾಟಿನ ಮೇಲೆ ಗಾಳಿ ಬರುವ ಮುನ್ಸೂಚನೆಯಿದ್ದರೆ ತೇಲುಗಳನ್ನು ನಂಬಿ ಕೂರದೆ ಬೇರೆ ಜಾಗ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಬಂದರುಬರಹ:
ಕಾಗದಪತ್ರ. ಹಳೆಯ ಪುಸ್ತಕಗಳಲ್ಲಿರುವ ಯಾನದ ಮುಂಗಡ ಪರವಾನಗಿ 2015ರಲ್ಲೇ ರದ್ದಾಯಿತು. ವಿದೇಶಿ ದೋಣಿ ಕುಪಾಂಗ್, ಅಂಬೋನ್, ಸೌಮ್ಲಾಕಿ, ಬೆನೋವದಂಥ ನಿಗದಿತ ಬಂದರಿನಲ್ಲಿ ದೇಶ ಪ್ರವೇಶಿಸಿ ಸುಂಕ, ವಲಸೆ, ಆರೋಗ್ಯ, ಬಂದರು ಈ ನಾಲ್ಕೂ ಕಚೇರಿ ಮುಗಿಸಿರಬೇಕು. ನಿಮ್ಮ ಕ್ಯಾಪ್ಟನ್ ಅದನ್ನು ಮಾಡಿರುತ್ತಾರೆ. ನೀವು ನೋಡಬೇಕಾದದ್ದು ಸಿಬ್ಬಂದಿ ಪಟ್ಟಿಯಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಸೇರಿದೆಯೇ ಎಂಬುದು. ಅದಿಲ್ಲದೆ ಬಂದರಿನಿಂದ ಬಂದರಿಗೆ ಹೋಗುವ ಅನುಮತಿ ಸಿಗುವುದಿಲ್ಲ. ಪಾಸ್‌ಪೋರ್ಟ್ ಮತ್ತು ಪಟ್ಟಿಯ ಹತ್ತು ಪ್ರತಿ ಇಟ್ಟುಕೊಳ್ಳಿ.

ಭಾರತದ ಪಾಸ್‌ಪೋರ್ಟಿಗೆ ವಿಮಾನ ನಿಲ್ದಾಣದಲ್ಲಿ ಸಿಗುವ ವೀಸಾ 30 ದಿನದ್ದು, ಇನ್ನೊಂದು 30 ದಿನಕ್ಕೆ ಒಮ್ಮೆ ವಿಸ್ತರಿಸಬಹುದು. ವಿಸ್ತರಣೆಗೆ ಸಣ್ಣ ದ್ವೀಪಗಳಲ್ಲಿ ಪರದಾಡಬಾರದು ಎಂದರೆ 60 ದಿನದ ವೀಸಾವನ್ನು ಮೊದಲೇ ಮಾಡಿಸಿ. ವಿಮಾನದಲ್ಲಿ ಹೋಗಿ ದೋಣಿಯಲ್ಲಿ ದೇಶ ಬಿಡುವುದಾದರೆ ಹಿಂದಿರುಗುವ ಟಿಕೆಟ್ ಎಲ್ಲಿ ಎಂದು ಕೇಳುತ್ತಾರೆ, ಕ್ಯಾಪ್ಟನ್ ಸಹಿ ಮಾಡಿದ ಪತ್ರ ಕೈಯಲ್ಲಿರಲಿ.

ನಮ್ಮವರು ಮರೆಯುವ ಒಂದು ಸಂಗತಿ: ಉಪಗ್ರಹ ಫೋನು, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಯಂತ್ರ, ಇವನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಡೆದು ಪ್ರಕರಣ ದಾಖಲಿಸಿದ ಉದಾಹರಣೆಗಳಿವೆ. ಬೆಂಗಳೂರಿನಿಂದ ಹೊತ್ತೊಯ್ಯಬೇಡಿ, ಮರಳಿ ತರಲೂ ಬೇಡಿ. ದೋಣಿಯಲ್ಲಿರುವುದನ್ನೇ ಬಳಸಿ.

ನೀರಮನೆ:
ಇಲ್ಲಿಯವರೆಗೆ ಎಲ್ಲರೂ ದೋಣಿಯ ಬಗ್ಗೆ ಬರೆದಿದ್ದೀರಿ. ಊರಿನ ಬಗ್ಗೆ ನಾನು ಬರೆಯುತ್ತೇನೆ, ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಬಜಾವ್ ಅಥವಾ ಸಮಾ ಜನ ಫಿಲಿಪ್ಪೀನ್ಸಿನ ದಕ್ಷಿಣ, ಮಲೇಷ್ಯಾದ ಸಬಾ, ಪೂರ್ವ ಇಂಡೋನೇಷ್ಯಾ ಈ ಮೂರೂ ಕಡೆ ಹರಡಿದ್ದಾರೆ. 1521ರಲ್ಲಿ ಮೆಗಲ್ಲನ್ ತಂಡದ ಪಿಗಫೆಟ್ಟ ದೋಣಿಗಳಲ್ಲೇ ವಾಸಿಸುವ ಜನರನ್ನು ಕಂಡು ಬರೆದಿಟ್ಟಿದ್ದಾನೆ. ಇಂದು ವಕಟೋಬಿಯವರು ದೋಣಿ ಬಿಟ್ಟು ಕಂಬದ ಮನೆಗಳಲ್ಲಿದ್ದಾರೆ. ವಾಂಗಿ-ವಾಂಗಿಯ ಮೋಲಾ ದೊಡ್ಡ ಊರು. 1950ರ ದಶಕದಲ್ಲಿ ಸುಲಾವೆಸಿಯ ದಂಗೆಯ ಕಾಲದಲ್ಲಿ ಕಲೆದುಪಾದ ಮಂತಿಗೋಲಾ ಬಿಟ್ಟುಬಂದವರಿಂದ ಅದು ಬೆಳೆಯಿತು. ಸಂಪೇಲಾ ಕಲೆದುಪಾ ದಡದಿಂದ ಬೇರೆಯಾಗಿ, ದಿಬ್ಬದ ಸಮತಟ್ಟಿನ ಮೇಲೆ ನಿಂತಿದೆ. ಸಾವಿರಕ್ಕೂ ಮಿಕ್ಕಿದ ಜನ. ಮ್ಯಾಂಗ್ರೋವ್ ಮರದ ಕಂಬ, ಹವಳದ ಕಲ್ಲು ಪೇರಿಸಿದ ಅಡಿಪಾಯ, ಗರಿ ಅಥವಾ ತಗಡಿನ ಮಾಡು, ಮನೆಯಿಂದ ಮನೆಗೆ ಹಲಗೆಯ ದಾರಿ.

ನಿಮ್ಮ ದೋಣಿಯನ್ನು ಊರಿಗೆ ಒತ್ತಿ ನಿಲ್ಲಿಸಬೇಡಿ. ಕೆಳಗಾಳಿಯ ಕಡೆ, ಕಡಲಪಾಚಿ ಬೆಳೆಸುವ ಸಾಲುಗಳಿಂದ ದೂರ ನಿಲ್ಲಿಸಿ. ಆ ಸಾಲುಗಳೆಂದರೆ ಪ್ಲಾಸ್ಟಿಕ್ ಬಾಟಲಿ ತೇಲುಗಳ ನಡುವೆ ಬಿಗಿದ ಹಗ್ಗ, ನೀರಿನ ಮಟ್ಟದಲ್ಲೇ ಇರುತ್ತವೆ. ಒಂದು ಸಾಲು ಕಡಿದುಹೋದರೆ ಒಂದು ಮನೆಯ ವಾರಗಳ ದುಡಿಮೆ ಹೋದಂತೆ. ಶೌಚದ ಟ್ಯಾಂಕು ಅಲ್ಲಿರುವಷ್ಟು ದಿನ ಮುಚ್ಚಿಯೇ ಇರಲಿ.

ಅಡುಗೆಮನೆಯ ವಿಷಯವೂ ಇದೆ. ಬೂದಿ, ಮೆಣಸಿನಕಾಯಿ, ಕಾಫಿ ಚರಟ, ಅಕ್ಕಿ ತೊಳೆದ ನೀರು, ಇವನ್ನು ಕಡಲಿಗೆ ಚೆಲ್ಲುವುದು ಬಜಾವ್ ಹಿರಿಯರಿಗೆ ನಿಷಿದ್ಧ. ನೀರಿನಲ್ಲಿ ಪೂರ್ವಿಕರಿದ್ದಾರೆ ಎಂಬುದು ಅವರ ನಂಬಿಕೆ. ಮಗು ಹುಟ್ಟಿದಾಗ ಮಾಸನ್ನು ಕಡಲಿಗೇ ಒಪ್ಪಿಸಿ, ಅದನ್ನು ಮಗುವಿನ ಒಡಹುಟ್ಟು ಎಂದು ಎಣಿಸುವ ಮನೆಗಳಿವೆ. ಇಸ್ಲಾಂ ಅನುಸರಿಸುತ್ತಲೇ ಇದನ್ನೂ ಉಳಿಸಿಕೊಂಡಿದ್ದಾರೆ. ಡಬ್ಬ ತುಂಬಿಸಿಟ್ಟುಕೊಂಡು ದೂರ ಹೋದ ಮೇಲೆ ಚೆಲ್ಲುವುದು ನಮಗೇನೂ ಕಷ್ಟವಲ್ಲ.

ಮೊದಲ ದಿನ ಚಿಕ್ಕದೋಣಿಯಲ್ಲಿ ಇಬ್ಬರೋ ಮೂವರೋ ಹೋಗಿ. ಊರಂಚಿನಲ್ಲೇ ಮೋಟಾರು ನಿಲ್ಲಿಸಿ ಹುಟ್ಟುಹಾಕಿ, ಏಕೆಂದರೆ ಮಕ್ಕಳು ಎಲ್ಲೆಂದರಲ್ಲಿ ನೀರಿನಲ್ಲಿರುತ್ತಾರೆ. ಕಂಡ ಕಂಬಕ್ಕೆ ದೋಣಿ ಕಟ್ಟಬೇಡಿ, ಅದು ಯಾರದೋ ಮನೆಯ ಗೋಡೆ. ಕಟ್ಟೆ ಎಲ್ಲಿದೆ ಕೇಳಿ. ಕೆಪಾಲಾ ದೇಸಾ, ಅಂದರೆ ಊರಿನ ಮುಖ್ಯಸ್ಥರನ್ನು ಕಂಡು, ಸಿಬ್ಬಂದಿ ಪಟ್ಟಿ ಕೊಟ್ಟು, ಎಷ್ಟು ದಿನ ಇರುತ್ತೀರಿ ಹೇಳಿ, ಅವರು ಸೂಚಿಸಿದವರನ್ನೇ ಮಾರ್ಗದರ್ಶಿಯಾಗಿ ಕರೆದುಕೊಳ್ಳಿ. ಕೂಲಿ ಮೊದಲೇ ಮಾತಾಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಗಂಡಸರಿಗೂ ಹೆಂಗಸರಿಗೂ. ಶುಕ್ರವಾರ ನಡುಹಗಲು ಹೋಗಬೇಡಿ. ಮದ್ಯ ದೋಣಿಯಲ್ಲೇ ಇರಲಿ. ಡ್ರೋನ್ ಹಾರಿಸಬೇಡಿ: ಮನೆಗಳಿಗೆ ಹಿತ್ತಿಲೆಂಬುದಿಲ್ಲ, ಸ್ನಾನ, ಬಟ್ಟೆ ಎಲ್ಲ ಬಯಲಲ್ಲೇ. ಫೋಟೋಕ್ಕೆ ಮೊದಲು "ಬೋಲೆ?" (ತೆಗೆಯಬಹುದೆ?) ಎಂದು ಕೇಳಿ. ಬಿಸಿಲಿಗೆ ಅಕ್ಕಿಯ ಲೇಪ ಹಚ್ಚಿಕೊಂಡ ಹೆಂಗಸರ ಮುಖಕ್ಕೆ ಕೇಳದೆ ಕ್ಯಾಮೆರಾ ಹಿಡಿಯುವವರೇ ಹೆಚ್ಚು.

ಹಲಗೆ ದಾರಿಯಲ್ಲಿ ಒಬ್ಬೊಬ್ಬರೇ ನಡೆಯಿರಿ. ಮೊಳೆ ಸಾಲು ಕಾಣುವಲ್ಲಿ, ಅಂದರೆ ಕೆಳಗೆ ಕಂಬವಿರುವಲ್ಲಿ ಕಾಲಿಡಿ. ಎರಡು ಕಂಬಗಳ ನಡುವಿನ ಹಲಗೆ ಮೀನುಗಾರರ ಹಗುರ ಮೈಗೆ ತಡೆಯುತ್ತದೆ, ಬೆನ್ನುಚೀಲ ಹೊತ್ತವರಿಗೆ ಮುರಿಯುತ್ತದೆ. ಮನೆಗಳ ನಡುವಿನ ನೀರಿನಲ್ಲಿ ಈಜಬೇಡಿ, ಶೌಚದ ನೀರೂ ಅಲ್ಲಿಗೇ ಸೇರುತ್ತದೆ, ಕಿವಿ ಹೊಟ್ಟೆ ಎರಡಕ್ಕೂ ಸೋಂಕು. ಕುಡಿಯುವ ನೀರು ಕೇಳಬೇಡಿ. ಅವರಿಗೇ ಅದು ಕಲೆದುಪಾದಿಂದ ಬರಬೇಕು.

ತೆರೆಯಾಚೆ:
ಮಕ್ಕಳಿಗೆ ಪೆನ್ನು, ಚಾಕೊಲೇಟು ಒಯ್ಯುವುದು ತಪ್ಪೇ? ಪ್ರೀತಿಯಿಂದ ಕೊಟ್ಟರೆ ಏನು ಎಂದೆನಿಸುತ್ತದೆ.

ನೀರಮನೆ:
ಕಟ್ಟೆಯ ಮೇಲೆ ನಿಂತು ಹಂಚಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಮುಂದಿನ ದೋಣಿ ಬಂದಾಗ ಮಕ್ಕಳು ಶಾಲೆ ಬಿಟ್ಟು ಈಜಿಬರುತ್ತಾರೆ, ಪ್ರೊಪೆಲ್ಲರಿನ ಹತ್ತಿರಕ್ಕೇ ಬರುತ್ತಾರೆ. ನೋಟ್‌ಬುಕ್ಕು ಕೊಡುವುದಾದರೆ ಶಿಕ್ಷಕರ ಕೈಗೆ ಕೊಡಿ. ದೊಡ್ಡವರಿಗೆ ನಿಜಕ್ಕೂ ಬೇಕಾಗುವುದು ನೈಲಾನ್ ಗಾಳದ ದಾರ, ಗಾಳದ ಕೊಕ್ಕೆ, ಎಪಾಕ್ಸಿ ಅಂಟು, ಹಳೆಯ ಹಾಯಿಬಟ್ಟೆ, 1.5ರಿಂದ 2.5 ಪವರಿನವರೆಗಿನ ಓದುವ ಕನ್ನಡಕ. ಬಲೆ ಹೆಣೆಯುವ, ಕೊಕ್ಕೆ ಕಟ್ಟುವ ಕೆಲಸ ಕಣ್ಣು ಮಂಜಾದ ಮೇಲೆ ನಿಂತುಹೋಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಮೀನು, ಅಷ್ಟಪದಿಯನ್ನು ಅವರು ಹೇಳಿದ ಬೆಲೆಗೆ ಕೊಳ್ಳುವುದು. ಚಿಕ್ಕದನ್ನು, ಮೊಟ್ಟೆಯಿರುವ ಏಡಿಯನ್ನು, ಆಮೆ ಸಂಬಂಧದ ಏನನ್ನೂ ಕೊಳ್ಳಬೇಡಿ.

ಮಲ್ಪೆಗಾಳಿ:
ಬಜಾವ್ ಜನ ಒಂದೇ ಉಸಿರಿಗೆ 70 ಮೀಟರ್ ಮುಳುಗುತ್ತಾರೆ, ಅವರ ಗುಲ್ಮವೇ (ಸ್ಪ್ಲೀನ್) ದೊಡ್ಡದು ಎಂದು ಓದಿದ್ದೆ. ಅವರ ಜೊತೆ ಮುಳುಗಲು ಹೋಗಬಹುದೆ?

ನೀರಮನೆ:
ಗುಲ್ಮದ ಸಂಗತಿ ನಿಜ. 2018ರಲ್ಲಿ ಮೆಲಿಸ್ಸಾ ಇಲಾರ್ಡೊ ಮತ್ತು ಸಂಗಡಿಗರು ಸುಲಾವೆಸಿಯ ಜಯಾ ಬಕ್ತಿ ಊರಿನ ಬಜಾವರನ್ನು ಪಕ್ಕದ ನೆಲವಾಸಿ ಸಲುವಾನ್ ಜನರೊಂದಿಗೆ ಹೋಲಿಸಿದರು. ಬಜಾವರ ಗುಲ್ಮ ಸಲುವಾನರದ್ದಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು ದೊಡ್ಡದಿತ್ತು. ಮುಳುಗದವರಲ್ಲೂ ಹಾಗೇ ಇದ್ದದ್ದರಿಂದ ಅದು ಅಭ್ಯಾಸದಿಂದ ಮಾತ್ರ ಬಂದದ್ದಲ್ಲ ಎಂದು ತಿಳಿಯಿತು. ಮುಳುಗಿದಾಗ ಗುಲ್ಮ ಕುಗ್ಗಿ ಆಮ್ಲಜನಕ ಹೊತ್ತ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಆದರೆ ದಿನದ ಬೇಟೆ ಅಷ್ಟು ಆಳದಲ್ಲಿ ನಡೆಯುವುದಿಲ್ಲ. ಹೆಚ್ಚಿನ ಕೆಲಸ ಕಡಿಮೆ ಆಳದಲ್ಲಿ, ಮತ್ತೆ ಮತ್ತೆ, ಗಂಟೆಗಟ್ಟಲೆ.

ಮೇಲಿನಿಂದ ನೋಡುತ್ತ ತೇಲಿ, ಹಿಂಬಾಲಿಸಬೇಡಿ. ಅವರ ಮರದ ಕನ್ನಡಕ ಹಾಕಿಕೊಂಡು ಆಳಕ್ಕೆ ಇಳಿಯಲೇಬೇಡಿ. ಮೂಗು ಅದರ ಹೊರಗಿರುತ್ತದೆ, ಒಳಗಿನ ಗಾಳಿಯ ಒತ್ತಡ ಸರಿದೂಗಿಸಲು ದಾರಿಯಿಲ್ಲ, ಕಣ್ಣಿನ ರಕ್ತನಾಳ ಒಡೆಯುತ್ತದೆ. ಕಂಪ್ರೆಸರಿನ ಕೊಳವೆಯಿಂದ ಉಸಿರಾಡುತ್ತ ಮುಳುಗುವ ದೋಣಿಗೆ ಯಾರಾದರೂ ಕರೆದರೆ ಬೇಡ ಎನ್ನಿ. ಆ ಬಗೆಯ ಮುಳುಗುವಿಕೆಯಿಂದ ಆ ಕಡಲಿನಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡವರಿದ್ದಾರೆ, ಸತ್ತವರಿದ್ದಾರೆ. ಯಂತ್ರ ಕೊಟ್ಟವರು ನಿಧಾನವಾಗಿ ಮೇಲೇರುವ ಲೆಕ್ಕ ಕಲಿಸಿರುವುದಿಲ್ಲ.

ಮಲ್ಪೆಗಾಳಿ:
ಸಬಾದ ಸೆಂಪೋರ್ನಾ ಕಡೆ ಈಗಲೂ ದೋಣಿಯಲ್ಲೇ ವಾಸಿಸುವವರಿದ್ದಾರಲ್ಲ, ಅಲ್ಲಿಗೆ ಹೋಗುವುದು ಹೇಗೆ?

ಬಂದರುಬರಹ:
ಇದ್ದಾರೆ, ಆದರೆ ಅವರಲ್ಲಿ ಬಹಳಷ್ಟು ಮಂದಿಗೆ ಯಾವ ದೇಶದ ಪೌರತ್ವವೂ ಇಲ್ಲ. 2024ರ ಜೂನಿನಲ್ಲಿ ತುನ್ ಸಕರಾನ್ ಕಡಲ ಉದ್ಯಾನದಲ್ಲಿ ಅವರ ಮನೆಗಳನ್ನೇ ಅಧಿಕಾರಿಗಳು ಕೆಡವಿದರು. ಹೊರಗಿನವರ ದೋಣಿಯ ಓಡಾಟ ಅವರಿಗೆ ತೊಂದರೆ ತರಬಹುದು. ಅಪಹರಣಗಳ ಇತಿಹಾಸವಿರುವ ಆ ತೀರದಲ್ಲಿ ಭದ್ರತಾ ನಿಯಮಗಳೂ ಬೇರೆ. ಏಪ್ರಿಲಿನಲ್ಲಿ ಸೆಂಪೋರ್ನಾದಲ್ಲಿ ಬಜಾವರ ಸಾಂಪ್ರದಾಯಿಕ ಲೆಪಾ ದೋಣಿಗಳ ಹಬ್ಬ ನಡೆಯುತ್ತದೆ, 1994ರಿಂದ ಬಂದ ಪದ್ಧತಿ. ನೆಲದ ಮೇಲೆ ನಿಂತು ಅದನ್ನು ನೋಡಿ, ಅಷ್ಟು ಸಾಕು ಎನ್ನುತ್ತೇನೆ.

ಹೊಸಹಾಯಿ:
ಕೊನೆಯ ಪ್ರಶ್ನೆ. ಚಿಕ್ಕದೋಣಿಯಲ್ಲಿ ಸಂಪೇಲಾಕ್ಕೆ ಯಾವ ಹೊತ್ತಿಗೆ ಹೋಗಬೇಕು?

ಚುಕ್ಕಾಣಿ:
ಭರತ ಅರ್ಧ ಏರಿದ ಮೇಲೆ ಹೊರಡಿ, ಇಳಿತ ಶುರುವಾಗಿ ಒಂದೂವರೆ ಗಂಟೆಯೊಳಗೆ ಹೊರಬನ್ನಿ. ಹುಣ್ಣಿಮೆ, ಅಮಾವಾಸ್ಯೆಯ ಮರುದಿನಗಳಲ್ಲಿ ಇಳಿತ ತೀರಾ ಕೆಳಗೆ ಹೋಗಿ ಕಲೆದುಪಾದ ಮುಂದಿನ ಸಮತಟ್ಟು ನೂರಾರು ಮೀಟರ್ ಒಣಗುತ್ತದೆ. ಆಗ ಸಿಕ್ಕಿಕೊಂಡರೆ ನಾಲ್ಕೈದು ಗಂಟೆ ಕಾಯಬೇಕು. ದೋಣಿಯನ್ನು ಎಳೆದುಕೊಂಡು ನಡೆಯಹೊರಟರೆ ಕಡಲಹುಲ್ಲು ಹಾಳಾಗುತ್ತದೆ, ಕಲ್ಲುಮೀನಿನ ಮುಳ್ಳು ಚುಚ್ಚುವ ಅಪಾಯವೂ ಇದೆ. ಚುಚ್ಚಿದರೆ 45 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಡಬೇಕು, ನೀರಿನ ಬಿಸಿಯನ್ನು ನೋವಿಲ್ಲದ ಇನ್ನೊಂದು ಕೈಯಿಂದ ನೋಡಿ. ದಪ್ಪ ಅಡಿಯ ಬೂಟು, ಒಂದು ಉದ್ದ ಬಿದಿರಿನ ಕೋಲು, ಹೊರಮೋಟಾರಿನ ಪ್ರೊಪೆಲ್ಲರು ಮತ್ತು ಪಿನ್ನಿನ ಬದಲಿ, ಮೂರು ಲೀಟರ್ ನೀರು, ಕೈದೀಪ ಇಷ್ಟು ಚಿಕ್ಕದೋಣಿಯಲ್ಲಿ ಯಾವಾಗಲೂ ಇರಲಿ. ಅಲ್ಲಿ ಕತ್ತಲೆ ಸಂಜೆ 6ಕ್ಕೇ ಆಗುತ್ತದೆ.